ಬರೀ ಅನ್ನ-ಸಾರಿನ ಪಥ್ಯ ಸಾಕೇ?

ಪ್ರಶ್ನೆ: ನನಗೆ 32 ವಾರಕ್ಕೇ ಹೆರಿಗೆಯಾಯಿತು. ಮಗಳು ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಬಂದು ವಾರವಾಗಿದೆ. ಬಾಣಂತನಕ್ಕೆ ಶಿರಸಿಯಿಂದ ಬಂದಿರುವ ಅಮ್ಮ ಬಿಳಿ ಅನ್ನ, ಕಾಳುಮೆಣಸಿನ ಸಾರು, ತುಪ್ಪ ಬಿಟ್ಟು ಬೇರೇನೂ ಬಡಿಸುವುದಿಲ್ಲ. ಬೇಳೆ ವಾಯು, ಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎನ್ನುತ್ತಾರೆ. ಇಷ್ಟು ಸಣ್ಣ ಕೂಸಿಗೆ ನನ್ನ ಹಾಲಿನಲ್ಲಿ ಸತ್ವ ಇರುತ್ತದೆಯೇ?
– ಒಬ್ಬ ತಾಯಿ, ಮಹದೇವಪುರ

ಉತ್ತರ: ಹಗುರ ತೂಕದ ಮಗುವನ್ನು ಮನೆಗೆ ತಂದ ಯಾವ ತಾಯಿಗೂ ಈ ಭಯ ತಪ್ಪಿದ್ದಲ್ಲ. ಸಮಾಧಾನ ಮಾಡಿಕೊಳ್ಳಿ. ಅವಧಿಗೆ ಮುನ್ನ ಹೆತ್ತವರ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಹೆಚ್ಚೇ ಇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದೇಹ ನಿಮ್ಮ ಮೂಳೆಯಿಂದಲಾದರೂ ತೆಗೆದು ಹಾಲಿಗೆ ಕೊಡುತ್ತದೆ, ಸವೆಯುವವರು ನೀವು.

ಎಲ್ಲ ಸತ್ವಗಳೂ ಹೀಗಲ್ಲ. ಥಯಾಮಿನ್ (ಬಿ-1 ಜೀವಸತ್ವ) ತಾಯಿಯ ತಟ್ಟೆಯಲ್ಲಿ ಇಲ್ಲದಿದ್ದರೆ ಹಾಲಿನಲ್ಲೂ ಇಳಿಯುತ್ತದೆ. ತಾಯಿಹಾಲನ್ನಷ್ಟೇ ಕುಡಿಯುತ್ತಿದ್ದ ಹಸುಗೂಸುಗಳಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏಕಾಏಕಿ ಏರಿ ಹೃದಯ ಸೋಲುವುದನ್ನು ನಮ್ಮ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಗಮನಿಸಿ, 2021ರಲ್ಲಿ ಪ್ರಕಟಿಸಿದರು. ಆ ತಾಯಂದಿರು ಉಣ್ಣುತ್ತಿದ್ದದ್ದು ಪಾಲಿಶ್ ಅಕ್ಕಿಯ ಅನ್ನ, ಜೊತೆಗೆ ಕಟ್ಟುನಿಟ್ಟಿನ ಪಥ್ಯ. ಥಯಾಮಿನ್ ಕೊಟ್ಟ ಮೇಲೆ ಹೆಚ್ಚಿನ ಮಕ್ಕಳು ಬೇಗ ಚೇತರಿಸಿಕೊಂಡವು. ತಡೆಯುವುದು ಸುಲಭ, ಅದಕ್ಕೇ ಇಷ್ಟು ಹೇಳಿದೆ.

ಅಕ್ಕಿಯನ್ನು ಮೂರ್ನಾಲ್ಕು ಸಲ ಉಜ್ಜಿ ತೊಳೆದು, ಬೆಂದ ಮೇಲೆ ಗಂಜಿ ಬಸಿದರೆ ಈ ಸತ್ವ ನೀರಿನೊಡನೆ ಮೋರಿಗೆ ಹೋಗುತ್ತದೆ. ಒಮ್ಮೆ ತೊಳೆದು ಕುಕ್ಕರಿನಲ್ಲಿಡಿ. ಕುಚ್ಚಲಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು. ಸಾರಿಗೆ ತೊಗರಿಯೋ ಹೆಸರುಬೇಳೆಯೋ ಬೀಳಲಿ. ಬೆಳಗ್ಗೆ ರಾಗಿ ಅಂಬಲಿ, ಸಂಜೆ ಶೇಂಗಾ-ಎಳ್ಳಿನ ಉಂಡೆ, ದಿನಕ್ಕೊಂದು ಸೊಪ್ಪಿನ ಪಲ್ಯ, ತಿನ್ನುವವರಾದರೆ ಮೊಟ್ಟೆ, ಮೀನು. ಊಟವಾದ ಮೇಲೆ ಎಲೆಯಡಿಕೆ ಮೆಲ್ಲುವ ರೂಢಿಯಿದ್ದರೆ ಬಿಡಿ. ಅಡಿಕೆ ಥಯಾಮಿನ್‌ಗೆ ಶತ್ರು.

ವಾಯು ನಿಮ್ಮ ಕರುಳಿನಲ್ಲೇ ಉಳಿಯುತ್ತದೆ, ಹಾಲಿಗೆ ಇಳಿಯುವುದಿಲ್ಲ. ಬಾಯಾರಿದಷ್ಟೂ ನೀರು ಕುಡಿಯಿರಿ. ಬಿಸಿನೀರೇ ಆಗಬೇಕೆಂದು ಅಮ್ಮ ಹಟ ಹಿಡಿದರೆ ಬಿಸಿನೀರೇ ಆಗಲಿ. ಅವರ ಮೆಣಸು, ಬೆಳ್ಳುಳ್ಳಿ, ತುಪ್ಪ ಯಾವುದನ್ನೂ ತೆಗೆಯಬೇಕಿಲ್ಲ. ‘ಇದನ್ನು ಬಿಡಮ್ಮ’ ಎಂದರೆ ಜಗಳ, ‘ಇದನ್ನೂ ಹಾಕಮ್ಮ’ ಎಂದರೆ ಕೆಲಸವಾಗುತ್ತದೆ.

ನೀವೆಷ್ಟೇ ಚೆನ್ನಾಗಿ ಉಂಡರೂ ಮಗುವಿಗೆ ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ, ಕಬ್ಬಿಣದ ಹನಿಗಳನ್ನು ನಿಲ್ಲಿಸಬೇಡಿ. ಗರ್ಭದ ಕೊನೆಯ ವಾರಗಳಲ್ಲಿ ಕೂಡಬೇಕಿದ್ದ ದಾಸ್ತಾನು ಆ ಕೂಸಿಗೆ ಸಿಕ್ಕಿಲ್ಲ. ಮಗು ಹಾಲು ಬಿಟ್ಟರೆ, ಉಸಿರು ಬಿರುಸಾದರೆ, ಅಳುವ ದನಿ ಗೊಗ್ಗರಾದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ನಿಮ್ಮ ಪಥ್ಯದ ವಿಷಯ ವೈದ್ಯರು ಕೇಳದಿದ್ದರೂ ಹೇಳಿ.

ಪ್ರಶ್ನೆ: ಮಗು ಇನ್ನೂ ಆಸ್ಪತ್ರೆಯಲ್ಲಿದೆ. ಹೆಂಡತಿಗೆ ಹಾಲು ಕಡಿಮೆ. ಹಾಲು ಹೆಚ್ಚಿಸುವ ಪುಡಿ ದುಬಾರಿ, ನನ್ನದು ಗಾರೆ ಕೆಲಸ. ಏನು ಮಾಡಲಿ?
– ಗರುಡಾಚಾರ್‌ಪಾಳ್ಯ

ಉತ್ತರ: ಪುಡಿ ತರಲಾಗಲಿಲ್ಲವೆಂದು ಕೊರಗಬೇಡಿ. ಮೊಲೆ ಖಾಲಿಯಾದಷ್ಟೂ ಹಾಲು ಊರುತ್ತದೆ. ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯಬೇಕು, ರಾತ್ರಿ ಒಮ್ಮೆ ತಪ್ಪದೆ. ಆಸ್ಪತ್ರೆಯವರು ಒಪ್ಪಿದೊಡನೆ ಕಾಂಗರೂ ಆರೈಕೆ (ಮಗುವನ್ನು ತಾಯಿಯ ಬರಿ ಎದೆಗೆ ಆನಿಸಿಡುವುದು) ಶುರುಮಾಡಿ. ಅದರಿಂದಲೂ ಹಾಲು ಹೆಚ್ಚುತ್ತದೆ. ಸಬ್ಬಸಿಗೆ, ಮೆಂತ್ಯ ಊಟದಲ್ಲಿರಲಿ, ಆದರೆ ಅವನ್ನೇ ನಂಬಿ ಕೂರಬೇಡಿ.

ಊಟದ ಖರ್ಚಿಗೆ ದಾರಿಯಿದೆ. 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಉಂಟು. ಹತ್ತಿರದ ಕಾರ್ಯಕರ್ತೆಯನ್ನು ಕಂಡು ಹೆಂಡತಿಯ ಹೆಸರು ಬರೆಸಿ.

ಪ್ರಶ್ನೆ: ಫಿಲ್ಟರ್ ಕಾಫಿ ಕುಡಿಯಬಹುದೇ?
– ಕೆ.ಆರ್. ಪುರ

ಉತ್ತರ: ಪೂರ್ತಿ ಬಿಡಬೇಕಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಮೈಯಿಂದ ಕೆಫೀನ್ (ಕಾಫಿಯ ಉತ್ತೇಜಕ ಅಂಶ) ಹೊರಹೋಗಲು ದಿನಗಟ್ಟಲೆ ಬೇಕು. ಉಸಿರು ನಿಂತು ನಿಂತು ಬರುವ ಇಂಥ ಮಕ್ಕಳಿಗೆ ಎನ್‌ಐಸಿಯುನಲ್ಲಿ ಇದನ್ನೇ ಔಷಧಿಯಾಗಿ ಕೊಡುವುದೂ ಉಂಟು! ದಿನಕ್ಕೆ ಒಂದೆರಡು ಸಣ್ಣ ಲೋಟ ಸಾಕು. ಮಗುವಿಗೆ ನಿದ್ದೆ ಕೆಟ್ಟಂತೆ ಕಂಡರೆ ಇನ್ನೂ ಕಡಿಮೆ ಮಾಡಿ. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಮಾತ್ರ ಕಾಫಿ, ಟೀ ಎರಡೂ ಬೇಡ.