ದೂರದಲ್ಲಿರುವ ಯಜಮಾನನ ಬಟ್ಟೆಯೂ ಮಗುವಿನ ಅಂಗಿಯೂ

ಎಲ್ಕಾನನ ಹೆಂಡತಿಯಾದ ಹನ್ನಳು ತನ್ನ ಮಗನಾದ ಸಮುವೇಲನಿಗೋಸ್ಕರ ವರುಷ ವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿ ತೆಗೆದುಕೊಂಡು ಹೋಗುತ್ತಿದ್ದಳೆಂದು ನಾವು ಓದಿದ್ದೇವೆ. ಮಗನು ಕಣ್ಣ ಮುಂದೆ ಇಲ್ಲದಿರುವಾಗ ಆಕೆಯು ಅಳತೆಯನ್ನು ಎಲ್ಲಿಂದ ತಂದಳು? ಹೋದ ವರುಷದ ಅಂಗಿಯನ್ನು ನೆನಸಿಕೊಂಡು, ಹುಡುಗನು ಇಷ್ಟು ಬೆಳೆದಿರಬಹುದೆಂದು ಊಹಿಸಿಯೇ ಆಕೆಯು ಬಟ್ಟೆಯನ್ನು ಕತ್ತರಿಸಿರಬೇಕು.

ದಂಡಿಗೆ ಹೋದವನ ಮನೆಯಲ್ಲಿ ಈ ಸಂಗತಿಯು ತಿರುವುಮುರುವಾಗಿರುತ್ತದೆ. ಮಗುವು ತಾಯಿಯ ಕಣ್ಣ ಮುಂದೆಯೇ ಬೆಳೆಯುತ್ತದೆ, ತಂದೆಯು ದೂರದಲ್ಲಿದ್ದಾನೆ, ಅವನ ಬಟ್ಟೆಗಳು ಮಡಿಸಿಟ್ಟ ಹಾಗೆಯೇ ಪೆಟ್ಟಿಗೆಯಲ್ಲಿ ಇರುತ್ತವೆ. ಹುಡುಗನ ಚಡ್ಡಿ ಹರಿಯಿತು, ಕೈಯಲ್ಲಿ ಹಣವಿಲ್ಲ, ಪೆಟ್ಟಿಗೆಯಲ್ಲಿಯಾದರೋ ಗಟ್ಟಿ ಬಟ್ಟೆ ಇದೆ. ಅದಕ್ಕೆ ಕತ್ತರಿ ಹಾಕಬಹುದೋ, ಹಾಕಬಾರದೋ? ಪ್ರಿಯ ವಾಚಕರೇ, ಇದು ಅಲ್ಪ ಪ್ರಶ್ನೆಯೆಂದು ಗಂಡಸರು ನೆನಸಬಹುದು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ದೇಶದ ಅನೇಕ ತಾಯಂದಿರಿಗೆ ಇದೇ ಪ್ರಶ್ನೆಯು ಎದುರಾಯಿತು. ಅವರು ಮಾಡಿದ್ದರಿಂದ ನಾವು ಕಲಿಯತಕ್ಕದ್ದು ಇದೆ.

ಆ ಯುದ್ಧವು 1939ನೇ ಸೆಪ್ಟೆಂಬರ್ ತಿಂಗಳಲ್ಲಿ ಆರಂಭವಾಯಿತು. ಗಿರಣಿಗಳು ಸೈನಿಕರ ಉಡುಪು, ಗುಡಾರ, ಕಂಬಳಿ ಮುಂತಾದವುಗಳನ್ನು ನೇಯುವದರಲ್ಲಿ ತೊಡಗಿದ್ದರಿಂದ ಜನರಿಗೆ ಬಟ್ಟೆ ಸಾಲದೆ ಹೋಯಿತು. ಹೀಗಿರಲು 1941ನೇ ಜೂನ್ 1ರಂದು, ಅಂದರೆ ಆ ವರುಷದ ಪೆಂತೆಕೊಸ್ತ ಹಬ್ಬದ ಭಾನುವಾರ, ಇನ್ನು ಮುಂದೆ ಕೂಪನು ಇಲ್ಲದೆ ಬಟ್ಟೆ ಸಿಕ್ಕುವದಿಲ್ಲವೆಂದು ಸರಕಾರದವರು ರೇಡಿಯೋ ಮೂಲಕ ಪ್ರಕಟಿಸಿದರು. ಅಂಗಡಿಗಳಿಗೆ ಜನರು ನುಗ್ಗಬಾರದೆಂದು ಈ ಸುದ್ದಿಯನ್ನು ಎಷ್ಟು ಗುಟ್ಟಾಗಿಟ್ಟಿದ್ದರಂದರೆ, ಬಟ್ಟೆಯ ಕೂಪನುಗಳನ್ನು ಮುಂಚಿತವಾಗಿ ಹಂಚಲಿಲ್ಲ. ಆಹಾರದ ಪುಸ್ತಕದಲ್ಲಿ ಮಾರ್ಗರೀನ್ ಎಂಬ ಕೃತಕ ಬೆಣ್ಣೆಗಾಗಿ ಇದ್ದ ಚೀಟಿಗಳನ್ನೇ ಮೊದಲು ಬಟ್ಟೆಗೆ ಉಪಯೋಗಿಸಬೇಕಾಯಿತು! ಒಬ್ಬರಿಗೆ ವರುಷಕ್ಕೆ 66 ಕೂಪನುಗಳು. ತರುವಾಯ ಅದೂ 48ಕ್ಕೆ ಇಳಿಯಿತು. ಗಂಡಸಿನ ಒಂದು ಜೊತೆ ಉಣ್ಣೆಯ ಉಡುಪಿಗೆ, ಅಂದರೆ ಕೋಟು, ವೇಸ್ಟ್‌ಕೋಟು, ಷರಾಯಿ ಇವು ಮೂರಕ್ಕೆ, 26 ಕೂಪನು ಕೊಡಬೇಕಿತ್ತು. ಬೆಳೆಯುವ ಮಕ್ಕಳಿಗೆ 10 ಕೂಪನುಗಳನ್ನು ಹೆಚ್ಚಾಗಿ ಕೊಟ್ಟರು. ಆದರೂ ಮಕ್ಕಳ ಬೆಳವಣಿಗೆಯು ಕೂಪನನ್ನು ಕೇಳಿಕೊಂಡು ನಡೆಯುವದಿಲ್ಲವಷ್ಟೇ.

ನಮ್ಮ ದೇಶದಲ್ಲಿಯೂ ಆಗ ಬಟ್ಟೆಯ ಬರ ಬಂದಿತ್ತು. 25 ಲಕ್ಷ ಮಂದಿ ಭಾರತೀಯರು ಸೈನ್ಯದಲ್ಲಿದ್ದರು. ಹತ್ತಿಬಟ್ಟೆಯನ್ನೂ ನೂಲನ್ನೂ ನಿಯಂತ್ರಿಸುವ ಆಜ್ಞೆಯು 1943ರಲ್ಲಿ ಹೊರಟಿತು.

ಅದೇ 1943ರಲ್ಲಿ ಬ್ರಿಟಿಷ್ ಸರಕಾರವು ಹೆಂಗಸರಿಗಾಗಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿತು. ಅದರ ಹೆಸರು ‘ಮೇಕ್ ಡೂ ಆ್ಯಂಡ್ ಮೆಂಡ್’. ಇದ್ದದ್ದರಲ್ಲಿಯೇ ಸಾಗಿಸಿ ಹರಿದದ್ದನ್ನು ಸರಿಮಾಡಿಕೊಳ್ಳಿರಿ ಎಂದು ಅದರ ತಾತ್ಪರ್ಯ. ತೇಪೆ ಹಾಕುವದು, ಹಳೆಯದನ್ನು ಬಿಚ್ಚಿ ಹೊಸದು ಮಾಡುವದು, ಉಣ್ಣೆಬಟ್ಟೆಯನ್ನು ನುಸಿಯಿಂದ ಕಾಪಾಡುವದು ಇವೆಲ್ಲಾ ಅದರಲ್ಲಿದ್ದವು. ಹೊಲಿಗೆಯನ್ನು ಕಲಿಸುವ ತರಗತಿಗಳೂ ನಡೆದವು. ಗಿಡ್ಡವಾದ ಮಗುವಿನ ಬಟ್ಟೆಯನ್ನು ಕೊಟ್ಟು ದೊಡ್ಡ ಅಳತೆಯದನ್ನು ತೆಗೆದುಕೊಳ್ಳುವ ವಿನಿಮಯ ಕೇಂದ್ರಗಳನ್ನು ಸ್ತ್ರೀಯರ ಸ್ವಯಂಸೇವಾ ಸಂಘದವರು ನಡಿಸಿದರು.

ಗಂಡಸಿನ ಉಡುಪನ್ನು ಹೆಂಗಸರಿಗೂ ಮಕ್ಕಳಿಗೂ ಹ್ಯಾಗೆ ಮಾರ್ಪಡಿಸಬಹುದೆಂದು ಹೇಳುವಲ್ಲಿ ಆ ಪುಸ್ತಕವು ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಯುದ್ಧ ತೀರಿದ ಮೇಲೆ ಯಜಮಾನನಿಗೆ ಅದು ಬೇಡವೆಂಬದನ್ನು ನಿಶ್ಚಯಮಾಡಿಕೊಂಡ ಹೊರತು ಕತ್ತರಿಸಬೇಡಿರೆಂಬದೇ. ಸರಕಾರದ ಪುಸ್ತಕದಲ್ಲಿ ಇಂಥ ಮಾತು ಯಾಕೆ ಬೇಕಾಯಿತು? ಗಂಡನು ದಂಡಿನಲ್ಲಿರುವಾಗ ಅವನ ಕೋಟಿಗೆ ಕತ್ತರಿ ಹಾಕುವದಂದರೆ, ಅವನು ತಿರಿಗಿ ಬರುವದಿಲ್ಲವೆಂದು ತಾನೇ ತೀರ್ಮಾನಿಸಿದ ಹಾಗಾಗುವದೆಂದು ಹೆಂಡತಿಗೆ ತೋರುವದುಂಟು. ಬಿಡುವದಾದರೋ, ನುಸಿ ತಿನ್ನುವದು, ಇತ್ತ ಮಗು ಚಳಿಯಲ್ಲಿ ನಡುಗುವದು. ಪತ್ರ ಬರೆದು ಕೇಳೋಣವೆಂದರೆ ಅದೂ ಸುಲಭವಾಗಿರಲಿಲ್ಲ. ಮೆಡಿಟರೇನಿಯನ್ ಸಮುದ್ರದ ದಾರಿಯು ಮುಚ್ಚಿದ್ದ ಕಾಲದಲ್ಲಿ ಐಗುಪ್ತದಲ್ಲಿದ್ದ ಸೈನಿಕನಿಗೆ ಹೋಗುವ ಹಡಗು ಆಫ್ರಿಕಾ ಖಂಡವನ್ನೆಲ್ಲಾ ಸುತ್ತಿಕೊಂಡು ಹೋಗಬೇಕಿತ್ತು. 1941ರಿಂದ ಏರ್‌ಗ್ರಾಫ್ ಎಂಬ ಉಪಾಯವು ಬಂದು, ಪತ್ರದ ಚಿಕ್ಕ ಛಾಯಾಚಿತ್ರವನ್ನು ತೆಗೆದು ವಿಮಾನದಲ್ಲಿ ಕಳುಹಿಸಿದಾಗ ಕಷ್ಟವು ಸ್ವಲ್ಪ ಕಡಿಮೆಯಾಯಿತು. ಅದಕ್ಕೆ ಮುಂಚೆ, ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಮಗುವಿನ ಅಳತೆಯೇ ಬದಲಾಗಿರುತ್ತಿತ್ತು.

ಈಗ ನಮ್ಮ ಹಳ್ಳಿಗಳಿಂದ ಗಡಿಗೆ ಹೋದವರ ಸಂಗಡ ದೂರವಾಣಿಯಲ್ಲಿ ಮಾತಾಡಬಹುದು. ಕೇಳದೆ ಕತ್ತರಿಸುವದಕ್ಕೆ ನೆವವಿಲ್ಲ. ಕೇಳುವಾಗ “ಹಳೇ ಬಟ್ಟೆ ತೆಗೆಯಲೋ” ಎಂದು ಕೇಳದೆ, ಇಂಥ ಕೋಟು, ಇಂಥ ಬಣ್ಣದ ಷರಾಯಿ ಎಂದು ಹೆಸರಿಟ್ಟು ಕೇಳಿರಿ. ಹೆಂಗಸಿಗೆ ಹಳೆಯದಾಗಿ ಕಾಣುವದು ಗಂಡಸಿಗೆ ಅತಿ ಪ್ರಿಯವಾಗಿರಬಹುದು. ಮೊದಲು ಅವನೇ ಬಿಟ್ಟುಹೋದ ಹರುಕು ಅಂಗಿಗಳು, ಆಮೇಲೆ ಕೆಲಸದ ಷರಾಯಿ. ಮದುವೆಯ ಕೋಟನ್ನು ಮುಟ್ಟದಿರುವದೇ ಒಳ್ಳೇದೆಂದು ನನ್ನ ಅಭಿಪ್ರಾಯ.

ಇನ್ನು ಕೆಲಸದ ವಿಷಯ. ಅಂಗಿಯಲ್ಲಿ ಕೊರಳಪಟ್ಟಿಯೂ ಮುಂಗೈಯ ಪಟ್ಟಿಯೂ ಮೊದಲು ಸವೆಯುತ್ತವೆ. ಬೆನ್ನಿನ ಕೆಳಭಾಗವು ಬಹುಕಾಲ ಗಟ್ಟಿಯಾಗಿರುತ್ತದೆ. ಕೂಸಿನ ಅಂಗಿಗೆ ಅದೇ ಸಾಕು. ಷರಾಯಿಯಲ್ಲಿ ಕೂರುವ ಭಾಗವೂ ಮೊಣಕಾಲೂ ಸವೆದಿರುತ್ತವೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿರಿ. ಬೆಳಕು ಹೆಚ್ಚಾಗಿ ತೂರಿಬರುವ ಸ್ಥಳಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅದನ್ನು ಬಿಟ್ಟುಬಿಡಿರಿ.

ಹೊಲಿಗೆಯನ್ನು ಎಳೆದು ಹರಿಯಬಾರದು. ಮೂರು ನಾಲ್ಕು ಹೊಲಿಗೆಗೊಂದರಂತೆ ದಾರವನ್ನು ಕೊಯ್ದು, ಹಿಂದಿನ ಕಡೆಯಿಂದ ಎಳೆದರೆ ಅದು ಸುಲಭವಾಗಿ ಬರುವದು. ತುಂಡುಗಳನ್ನು ಒಗೆದು ಒಣಗಿಸಿ, ಮೇಲೆ ಒದ್ದೆ ಬಟ್ಟೆಯನ್ನು ಹಾಸಿ ಇಸ್ತ್ರಿ ಮಾಡಿರಿ. ಹೊರಮೈ ಬಣ್ಣಗೆಟ್ಟಿದ್ದರೆ ಒಳಮೈಯನ್ನು ಹೊರಕ್ಕೆ ತಿರುಗಿಸಿ ಹೊಲಿಯಬಹುದು. ಬ್ರಿಟನ್ನಿನವರು ಹೀಗೆ ಕೋಟುಗಳನ್ನೇ ತಿರುಗಿಸಿಕೊಳ್ಳುತ್ತಿದ್ದರು. ಆಗ ಎದೆಯ ಜೇಬು ಎಡದಿಂದ ಬಲಕ್ಕೆ ಬಂದು ಗುಟ್ಟು ಹೊರಬೀಳುತ್ತಿತ್ತು. ಹಳೇ ವೃತ್ತಪತ್ರಿಕೆಯಲ್ಲಿ ಮಗುವಿನ ಅಳತೆಯ ನಮೂನೆಯನ್ನು ಮೊದಲು ಕತ್ತರಿಸಿ, ಬಟ್ಟೆಯ ಹಾಸುನೂಲು ಮಗುವಿನ ಎತ್ತರಕ್ಕೆ ನೇರವಾಗಿ ಬರುವಂತೆ ಇಡಿರಿ. ಓರೆಯಾಗಿ ಇಟ್ಟರೆ ನಾಲ್ಕು ಒಗೆತಕ್ಕೆ ಅಂಗಿಯು ಒಂದು ಕಡೆಗೆ ಜೋಲುವದು. ಹೊಸ ಹತ್ತಿಬಟ್ಟೆಯನ್ನು ಕೊಂಡರೂ ನೀರಿನಲ್ಲಿ ನೆನಸಿ ಒಣಗಿಸಿದ ಮೇಲೆಯೇ ಕತ್ತರಿಸಬೇಕು.

ಮುಖ್ಯವಾದದ್ದು ಬೆಳವಣಿಗೆಗೆ ಬಿಡುವ ಬಟ್ಟೆ. ಎರಡು ವರುಷ ದಾಟಿದ ಮಗು ವರುಷಕ್ಕೆ ಸುಮಾರು 2ರಿಂದ 2½ ಅಂಗುಲ ಎತ್ತರವಾಗುತ್ತದೆ; ಅಗಲವು ಅಷ್ಟು ಬೇಗ ಹೆಚ್ಚುವದಿಲ್ಲ. ಆದಕಾರಣ ಹುಡುಗಿಯ ಲಂಗಕ್ಕೆ ಕೆಳಗೆ 3 ಅಂಗುಲ ಬಟ್ಟೆಯನ್ನು ಒಳಕ್ಕೆ ಮಡಿಸಿರಿ. ಅದರ ಮೇಲ್ಗಡೆ ಅರ್ಧ ಅಂಗುಲದ ಎರಡು ಮಡಿಕೆಗಳನ್ನು ಸುತ್ತಲೂ ಹಿಡಿದು ಹೊಲಿಯಿರಿ. ಒಂದೊಂದು ಮಡಿಕೆಯು ಎರಡು ಪದರ ಬಟ್ಟೆಯನ್ನು ನುಂಗುವದರಿಂದ, ಒಂದನ್ನು ಬಿಚ್ಚಿದರೆ ಲಂಗವು ಒಂದು ಅಂಗುಲ ಉದ್ದವಾಗುವದು. ನೋಡುವವರಿಗೆ ಅದು ಅಲಂಕಾರವಾಗಿ ತೋರುವದು. ಬಿಚ್ಚಿದ ಸ್ಥಳದಲ್ಲಿ ಬಣ್ಣದ ಗೆರೆ ಉಳಿದರೆ ಅದರ ಮೇಲೆ ಒಂದು ಪಟ್ಟಿಯನ್ನು ಕೂಡಿಸಿರಿ. ಹುಡುಗನ ಚಡ್ಡಿಗೆ ಲಾಡಿ ಹಾಕಿದರೆ ಸೊಂಟದ ಚಿಂತೆಯಿಲ್ಲ. ಹೆಗಲ ಪಟ್ಟಿ ಇಟ್ಟರೆ ಗುಂಡಿಯನ್ನು ಕೆಳಕ್ಕೆ ಸರಿಸುತ್ತಾ ಹೋಗಬಹುದು. ಆದರೆ ಅತಿಯಾಸೆ ಬೇಡ. ನಾಲ್ಕು ವರುಷಕ್ಕೆ ಬರಲಿ ಎಂದು ಹೊಲಿದ ಅಂಗಿಯು ಮೊದಲನೆಯ ಎರಡು ವರುಷ ಮಗುವಿನ ಕಾಲಿಗೆ ತೊಡರುವದು, ಮೂರನೆಯ ವರುಷ ಹರಿದೇ ಹೋಗುವದು.

1945ನೇ ಜೂನ್ ತಿಂಗಳಿಂದ ಬ್ರಿಟಿಷ್ ಸೈನಿಕರು ಬಿಡುಗಡೆ ಹೊಂದಿ ಮನೆಗೆ ಬರಲಾರಂಭಿಸಿದರು. ಸರಕಾರವು ಒಬ್ಬೊಬ್ಬನಿಗೂ ಒಂದು ಜೊತೆ ಹೊಸ ಉಡುಪನ್ನು ಕೊಟ್ಟಿತು. ಹೀಗೆ ಬಟ್ಟೆಯ ಮಟ್ಟಿಗೆ ತಂದೆಗೆ ಕೊರತೆಯಾಗಲಿಲ್ಲ. ಆದರೆ ಬಿಟ್ಟುಹೋದ ತೊಟ್ಟಿಲ ಕೂಸು ಶಾಲೆಗೆ ಹೋಗುವ ಹುಡುಗನಾಗಿ ಬಾಗಿಲಲ್ಲಿ ನಿಂತದ್ದನ್ನು ನೋಡಿ ಗುರುತು ಸಿಕ್ಕದವರು ಅನೇಕರು. ಕೂಪನಿನ ಪದ್ಧತಿಯಾದರೋ 1949ನೇ ಮಾರ್ಚ್ 15ರ ವರೆಗೆ ಮುಗಿಯಲಿಲ್ಲ.

ಈಗಿನ ದೂರವಾಣಿಯಲ್ಲಿ ಮಗುವಿನ ಮುಖ ಕಾಣುತ್ತದೆ, ಎತ್ತರ ಕಾಣುವದಿಲ್ಲ. ರಜೆಯಲ್ಲಿ ಬರುವ ತಂದೆಯು ದಾರಿಯಲ್ಲಿ ಕೊಂಡು ತರುವ ಅಂಗಿಯು ಯಾವಾಗಲೂ ಚಿಕ್ಕದಾಗಿಯೇ ಇರುವದು ಇದರಿಂದಲೇ. ಆದದರಿಂದ ಮಡಿಕೆಯನ್ನು ಬಿಚ್ಚಿದಾಗಲೆಲ್ಲಾ ಒಂದು ಕೆಲಸ ಮಾಡಿರಿ. ಅಗಲ ಕಡಿಮೆಯಾದ ಉದ್ದ ಕಾಗದವನ್ನು ತೆಗೆದುಕೊಂಡು ಮಗುವಿನ ಹೆಗಲಿನಿಂದ ಮೊಣಕಾಲಿನ ವರೆಗೆ ಹಿಡಿದು, ಸರಿಯಾಗಿ ಅಷ್ಟಕ್ಕೆ ಕತ್ತರಿಸಿರಿ. ಎದೆಯ ಸುತ್ತಳತೆಗೆ ಇನ್ನೊಂದು. ಮಗುವಿನ ಹೆಸರನ್ನೂ ತಾರೀಖನ್ನೂ ಬರೆದು ಲಕೋಟೆಯಲ್ಲಿಟ್ಟು ತಂದೆಗೆ ಕಳುಹಿಸಿರಿ. ಅಂಥದೇ ಇನ್ನೊಂದು ಜೊತೆಯನ್ನು ಕತ್ತರಿಸಿ, ಪೆಟ್ಟಿಗೆಯಲ್ಲಿ ಅವನ ಕೋಟಿನ ಜೇಬಿನೊಳಗೆ ಇಡಿರಿ.