ಶಾಸಕರ ಬಳಿ ಹೋಗುವ ಮುನ್ನ



ಕರ್ನಾಟಕ ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆ ಎಷ್ಟು ಎಂದು ಕೇಳಿದರೆ ಕಲಾ ವಿಭಾಗದವರು ತಟ್ಟನೆ 224 ಎನ್ನುತ್ತೀರಿ. ವಿಧಾನ ಪರಿಷತ್ತಿಗೆ 75, ನಮ್ಮ ರಾಜ್ಯದಿಂದ ಲೋಕಸಭೆಗೆ 28, ಇದೂ ಬಾಯಿಪಾಠವಾಗಿದೆ. ಆದರೆ ಆ 224ರಲ್ಲಿ ನಿಮ್ಮ ಕ್ಷೇತ್ರದವರ ಕಚೇರಿ ಎಲ್ಲಿದೆ, ಅಲ್ಲಿ ಅರ್ಜಿ ತೆಗೆದುಕೊಳ್ಳುವವರು ಯಾರು, ಕೊಟ್ಟ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ತರಗತಿಯೇ ಮೌನವಾಗುತ್ತದೆ. ಪಠ್ಯದಲ್ಲಿ ಇಲ್ಲದ ಆ ಭಾಗವನ್ನು ಇಲ್ಲಿ ನೋಡೋಣ.

ಶಾಸಕರ ಪರಿಚಯವಿದೆ ಎಂದರೆ ನಮ್ಮಲ್ಲಿ ಇರುವ ಅರ್ಥವೇ ಬೇರೆ. ಮದುವೆಗೆ ಕರೆಯುವುದು, ಇಫ್ತಾರ್ ಕೂಟದಲ್ಲಿ ಶಾಲು ಹೊದಿಸುವುದು, ಜೊತೆಗೆ ನಿಂತ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು. ಕಷ್ಟ ಬಂದಾಗ ಜಮಾಅತಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಇಪ್ಪತ್ತು ಜನ ಹೋಗುವುದು. ಹಿರಿಯರು ಮಾತಾಡುತ್ತಾರೆ, ಶಾಸಕರು "ಮಾಡೋಣ ಬಿಡಿ" ಎನ್ನುತ್ತಾರೆ, ಎಲ್ಲರೂ ಚಹಾ ಕುಡಿದು ಬರುತ್ತೇವೆ. ಕಾಗದದ ಮೇಲೆ ಮಾತ್ರ ಒಂದಕ್ಷರವೂ ಇರುವುದಿಲ್ಲ. ಒಂದು ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುತ್ತಾರೆ. ಬಾಯಿಮಾತಿನಲ್ಲಿ ಹೇಳಿದ್ದು ಮರುದಿನ ನೆನಪಿರಲಿ ಎಂದು ನಿರೀಕ್ಷಿಸುವುದು ಶಾಸಕರಿಗೂ ಅನ್ಯಾಯವೇ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ತಾಲ್ಲೂಕು ಕೇಂದ್ರದಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿ ಎಂದುಕೊಳ್ಳಿ. ಕಾಲೇಜು ನಾಲ್ಕು ಗಂಟೆಗೆ ಬಿಡುತ್ತದೆ, ಊರಿಗೆ ಹೋಗುವ ಬಸ್ಸು ಆರೂವರೆಗೆ. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಟಿಕೆಟ್ಟಿಗೆ ದುಡ್ಡು ಬೇಡ, ಆದರೆ ಬಸ್ಸೇ ಇಲ್ಲ. ಚಳಿಗಾಲದಲ್ಲಿ ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗುತ್ತದೆ. ಎರಡು ತಿಂಗಳು ನೋಡಿದ ಅಬ್ಬಾ "ಸಾಕಮ್ಮಾ, ಮನೆಯಲ್ಲೇ ಇರು" ಎನ್ನುತ್ತಾರೆ. ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಫೀಸು ಕಟ್ಟಲಾಗದೆ ನಿಂತದ್ದಲ್ಲ, ಬಸ್ಸಿನ ವೇಳಾಪಟ್ಟಿಯಿಂದ ನಿಂತದ್ದು.

ಇದನ್ನು ಯಾರಿಗೆ ಹೇಳಬೇಕು? ಅನೇಕರು ಇಲ್ಲೇ ಎಡವುತ್ತಾರೆ. ಬೀದಿದೀಪ, ಚರಂಡಿ, ಹಳ್ಳಿಯ ನಲ್ಲಿ ನೀರು ಇವೆಲ್ಲ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಕೆಲಸ. ರೈಲು, ರಾಷ್ಟ್ರೀಯ ಹೆದ್ದಾರಿ, ಕೇಂದ್ರದ ವಿದ್ಯಾರ್ಥಿವೇತನ ಸಂಸದರ ಬಳಿ ಕೇಳುವಂಥವು. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತವಾಯಿತು. ಆಗ ತಮ್ಮ ತಂಗಿಯರ ಅರ್ಜಿ ಹಿಡಿದು ಶಾಸಕರ ಮನೆಗೆ ಓಡಿದವರಿದ್ದಾರೆ. ಶಾಸಕರು ಪಾಪ ಏನು ಮಾಡಿಯಾರು? ಅದು ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆ. ನಮ್ಮ ಉದಾಹರಣೆಯ ಬಸ್ಸು ರಾಜ್ಯ ಸಾರಿಗೆ ನಿಗಮದ್ದು, ಹಾಗಾಗಿ ಶಾಸಕರ ವ್ಯಾಪ್ತಿಗೆ ಬರುತ್ತದೆ.

ಆದರೂ ಮೊದಲ ಅರ್ಜಿ ಹೋಗಬೇಕಾದದ್ದು ಬಸ್ ಡಿಪೊ ವ್ಯವಸ್ಥಾಪಕರಿಗೆ. ಒಂದು ಪುಟ ಸಾಕು. ಯಾವ ಮಾರ್ಗ, ಈಗ ಬಸ್ಸು ಎಷ್ಟು ಗಂಟೆಗಿದೆ, ಎಷ್ಟು ಗಂಟೆಗೆ ಬೇಕು, ದಿನಾ ಓಡಾಡುವ ವಿದ್ಯಾರ್ಥಿಗಳು ಎಷ್ಟು, ಯಾವ ಯಾವ ಊರಿನವರು. ಲೆಕ್ಕ ನೀವೇ ಮಾಡಬೇಕು: ಒಂದು ವಾರ ನಿಲ್ದಾಣದಲ್ಲಿ ನಿಂತು ದಿನಾ ಎಷ್ಟು ಜನ ಕಾಯುತ್ತಾರೆ ಎಂದು ಬರೆದುಕೊಳ್ಳಿ. "ತುಂಬಾ ಜನರಿಗೆ ತೊಂದರೆಯಾಗುತ್ತಿದೆ" ಎಂಬ ವಾಕ್ಯಕ್ಕಿಂತ "ನಾಲ್ಕು ಊರುಗಳ 46 ವಿದ್ಯಾರ್ಥಿಗಳು, ಅದರಲ್ಲಿ 31 ಹುಡುಗಿಯರು" ಎಂಬ ವಾಕ್ಯಕ್ಕೆ ತೂಕ ಹೆಚ್ಚು. ಕೊಟ್ಟ ಅರ್ಜಿಯ ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಡಿಪೊದಲ್ಲಿ ಕೆಲಸ ಆಗಿಬಿಟ್ಟರೆ ಅಲ್ಲಿಗೇ ಮುಗಿಯಿತು. ಆಗದಿದ್ದರೆ ಅದೇ ಸೀಲು ಬಿದ್ದ ನಕಲಿನೊಂದಿಗೆ ಶಾಸಕರ ಬಳಿ ಹೋಗಬಹುದು.

ಇಪ್ಪತ್ತು ಜನ ಬೇಡ, ನಾಲ್ಕೈದು ಜನ ಸಾಕು. ಅದರಲ್ಲಿ ಆ ಬಸ್ಸಿಗಾಗಿ ಕಾಯುವ ಇಬ್ಬರು ಹುಡುಗಿಯರು ಇರಲೇಬೇಕು, ಮಾತಾಡಬೇಕಾದವರೂ ಅವರೇ. ಮತ್ತೊಂದು ಮಾತು. ಆ ಬಸ್ಸಿಗೆ ಕಾಯುವವರು ನಾವಷ್ಟೇ ಅಲ್ಲ. ಪಕ್ಕದ ಸರ್ಕಾರಿ ಕಾಲೇಜಿನ ಮಕ್ಕಳು, ಸಂತೆಗೆ ಬಂದ ತರಕಾರಿ ಮಾರುವ ಅಮ್ಮಂದಿರು, ಗಾರ್ಮೆಂಟ್ಸ್ ಕೆಲಸದವರು ಎಲ್ಲರೂ ಅಲ್ಲೇ ನಿಂತಿರುತ್ತಾರೆ. ಅವರನ್ನೂ ಕರೆದುಕೊಂಡು ಹೋದರೆ ಅದು ಒಂದು ಸಮುದಾಯದ ಕೋರಿಕೆಯಾಗಿ ಉಳಿಯದೆ ಕ್ಷೇತ್ರದ ಬೇಡಿಕೆಯಾಗುತ್ತದೆ. ಶಾಸಕರು ನಿಮ್ಮ ಮನೆಯವರು ಓಟು ಹಾಕಿದ ಪಕ್ಷದವರೇ ಆಗಿರಬೇಕೆಂದಿಲ್ಲ. ಗೆದ್ದ ಮೇಲೆ ಅವರು ಇಡೀ ಕ್ಷೇತ್ರಕ್ಕೆ ಪ್ರತಿನಿಧಿ. ಇದನ್ನು ಅವರು ಮರೆತಂತೆ ಕಂಡರೂ ನಾವು ಮರೆಯಬಾರದು.

ಶಾಸಕರ ಆಪ್ತ ಸಹಾಯಕರನ್ನು, ಅಂದರೆ ಪಿ.ಎ. ಅವರನ್ನು ಕಡೆಗಣಿಸಬೇಡಿ. ಯಾವ ಕಾಗದ ಮೇಲೆ ಇರಬೇಕು, ಯಾವುದು ಕೆಳಗೆ ಎಂಬುದು ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ. ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ, ಮರ್ಯಾದೆಯಿಂದ ಮಾತಾಡಿಸಿ.

ಈಗ ಮುಖ್ಯ ವಿಷಯ: ಶಾಸಕರಿಂದ ಏನು ಮಾಡಿಸಬಹುದು? ಬಸ್ಸು ಬಿಡಿ ಎಂದು ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಆದರೆ ಕೇಳುವ ಅಧಿಕಾರ ಇದೆ. ತಾಲ್ಲೂಕು ಮಟ್ಟದ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯ ಅಧ್ಯಕ್ಷತೆ ಶಾಸಕರದು. ಎಲ್ಲ ಇಲಾಖೆಗಳ ಅಧಿಕಾರಿಗಳು ಅಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಸಭೆಗೆ ಒಂದು ವಾರ ಮೊದಲು ನಿಮ್ಮ ಒಂದು ಪುಟದ ಕಾಗದ ಶಾಸಕರ ಕೈಯಲ್ಲಿದ್ದರೆ, "ಈ ಮಾರ್ಗದಲ್ಲಿ ನಾಲ್ಕೂವರೆಗೆ ಬಸ್ಸು ಯಾಕಿಲ್ಲ?" ಎಂಬ ಒಂದೇ ಪ್ರಶ್ನೆಗೆ ಅವರಿಗೆ ಅದು ಸಾಕು. ಸಭೆ ಮುಗಿದ ಮರುದಿನ ಹೋದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಅಲ್ಲೂ ಆಗದಿದ್ದರೆ ಸದನವಿದೆ. ಬೆಂಗಳೂರಿನಲ್ಲಿರಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿರಲಿ, ಅಧಿವೇಶನದಲ್ಲಿ ಶಾಸಕರು ಸಾರಿಗೆ ಸಚಿವರನ್ನು ಪ್ರಶ್ನಿಸಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಎರಡೂ ಸರ್ಕಾರದ ದಾಖಲೆಯಾಗಿ ಉಳಿಯುತ್ತವೆ. ಪ್ರಶ್ನೆಗಳನ್ನು ಮುಂಚಿತವಾಗಿಯೇ ಸಲ್ಲಿಸಬೇಕಾದ್ದರಿಂದ ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ಶಾಸಕರನ್ನು ಕಾಣಬೇಕು. ಪ್ರಶ್ನೆಯ ಕರಡನ್ನು ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಕೆಲಸ ಸುಲಭ ಮಾಡಿಕೊಟ್ಟವರನ್ನು ಯಾರೂ ಬೇಗ ಮರೆಯುವುದಿಲ್ಲ.

ಮೂರು ವಾರಕ್ಕೊಮ್ಮೆ ವಿಚಾರಿಸಿ, ಹಳೆಯ ತಾರೀಖು ನೆನಪಿಸಿ ಬರೆಯಿರಿ. ಇಲಾಖೆಯಿಂದ ಮಾಹಿತಿಯೇ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಬಸ್ಸು ಬಂದ ದಿನ ಶಾಸಕರಿಗೂ ಡಿಪೊದವರಿಗೂ ಎರಡು ಸಾಲಿನ ಧನ್ಯವಾದ ಪತ್ರ ಬರೆಯಿರಿ. ಬೇಡುವಾಗ ಬಂದವರು ಆಮೇಲೆ ಕಾಣುವುದೇ ಇಲ್ಲ ಎಂಬ ದೂರು ಜನಪ್ರತಿನಿಧಿಗಳದ್ದೂ ಇದೆ, ಅದರಲ್ಲಿ ಸತ್ಯವೂ ಇದೆ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಕಾಡುತ್ತದೆ. ನಾವು ಶಾಸಕರ ಬಳಿ ಬಸ್ಸು, ಬೋರ್‌ವೆಲ್, ಸಮುದಾಯ ಭವನ ಕೇಳುತ್ತೇವೆ. ಕಾನೂನು ಕೇಳುವುದೇ ಇಲ್ಲ. ಆದರೆ ಶಾಸಕ ಎಂಬ ಹೆಸರೇ ಶಾಸನದಿಂದ ಬಂದದ್ದಲ್ಲವೇ? ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರನ್ನು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿದ್ದಕ್ಕಾಗಿ ಜನ ಪ್ರೀತಿಯಿಂದ "ನೀರ್ ಸಾಬ್" ಎಂದು ಕರೆದರು. ಅವರ ಇನ್ನೂ ದೊಡ್ಡ ಕೆಲಸ 1983ರ ಪಂಚಾಯತ್ ರಾಜ್ ಕಾಯ್ದೆ. ಅದರಂತೆ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆ ಬಳಿಕ. ಮಸೂದೆಯೊಂದು ಸದನಕ್ಕೆ ಬಂದಾಗ "ಇದರ ಬಗ್ಗೆ ತಮ್ಮ ನಿಲುವೇನು ಸರ್?" ಎಂದು ಕೇಳುವ ಒಂದು ಪತ್ರವನ್ನಾದರೂ ನಮ್ಮ ಕಾಲೇಜಿನಿಂದ ಬರೆಯೋಣ.

ಅಧ್ಯಾಪಕ ಬಂಧುಗಳಿಗೂ ಒಂದು ನೆನಪು. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ 7, ಪದವೀಧರರ ಕ್ಷೇತ್ರದಿಂದ 7 ಸದಸ್ಯರಿದ್ದಾರೆ. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದಲ್ಲಿ ಮೂರು ವರ್ಷ ಪಾಠ ಮಾಡಿದವರು ಶಿಕ್ಷಕರ ಕ್ಷೇತ್ರದ ಮತದಾರರಾಗಬಹುದು. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಇದಕ್ಕೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು.

ವಿದ್ಯಾರ್ಥಿಗಳೇ, ನಿಮಗೆ 17 ತುಂಬಿದ್ದರೆ ಈಗಲೇ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖುಗಳಲ್ಲಿ ಯಾವುದಕ್ಕೆ 18 ತುಂಬಿರುತ್ತದೋ ಆಗ ಹೆಸರು ಪಟ್ಟಿಗೆ ಸೇರುತ್ತದೆ. ನಿಮ್ಮ ಮತಗಟ್ಟೆಯ ಬಿ.ಎಲ್.ಒ. ಯಾರೆಂದು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ. ಅವರು ಬಹುಶಃ ನಿಮಗೆ ಅ ಆ ಕಲಿಸಿದ ಶಾಲೆಯ ಮೇಷ್ಟ್ರೋ, ನಿಮ್ಮ ಬೀದಿಯ ಅಂಗನವಾಡಿ ಟೀಚರೋ ಆಗಿರುತ್ತಾರೆ.