ದೂರು ಠಾಣೆಗೆ ಕೊಟ್ಟರೆ ರಕ್ಷಣೆ, ಗ್ರೂಪಿಗೆ ಹಾಕಿದರೆ ಕೇಸು

2024ರ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿ ಹತ್ತಿರದ ರಾಜಕಾಲುವೆಯಲ್ಲಿ ಹೆಣವೊಂದು ಸಿಕ್ಕಿತು. ಕಾಮಾಕ್ಷಿಪಾಳ್ಯ ಠಾಣೆಯಲ್ಲಿ ಕೊಲೆ ಪ್ರಕರಣ ದಾಖಲಾಯಿತು. ಸತ್ತವರು ಚಿತ್ರದುರ್ಗದ 33 ವರ್ಷದ ಯುವಕ. ನಟಿಯೊಬ್ಬರಿಗೆ ಇನ್‌ಸ್ಟಾಗ್ರಾಂನಲ್ಲಿ ಅಶ್ಲೀಲ ಸಂದೇಶ ಕಳಿಸಿದ್ದಕ್ಕಾಗಿ ಅವರನ್ನು ಊರಿನಿಂದ ಕರೆತಂದು ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಕೊಂದರು ಎಂಬುದು ಪೊಲೀಸರ ಆರೋಪ. ನಟ ದರ್ಶನ್ ಸೇರಿ 17 ಆರೋಪಿಗಳು, 3,991 ಪುಟಗಳ ಆರೋಪಪಟ್ಟಿ. ದರ್ಶನ್ ಮತ್ತಿತರ ಕೆಲವರಿಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಯಾರು ತಪ್ಪಿತಸ್ಥರು ಎಂದು ಹೇಳಬೇಕಾದದ್ದು ನ್ಯಾಯಾಲಯ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯದು: ಆ ಸಂದೇಶಗಳಿಗೆ ಕಾನೂನಿನಲ್ಲಿ ಆಗಲೇ ಪರಿಹಾರವಿತ್ತು.

ಆ ಪರಿಹಾರ ಹೇಗಿರುತ್ತದೆ ಎನ್ನುವುದು ಒಂದು ವರ್ಷದ ನಂತರ ಇದೇ ಪ್ರಕರಣದ ಸುತ್ತಲೇ ಕಾಣಿಸಿತು. ಸತ್ತವರ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ಬರೆದ ನಟಿ, ಮಾಜಿ ಸಂಸದೆ ರಮ್ಯಾ ಅವರಿಗೆ ಅಶ್ಲೀಲ ಸಂದೇಶಗಳ ಸುರಿಮಳೆಯಾಯಿತು. ಅವರು 2025ರ ಜುಲೈ 28ರಂದು 43 ಖಾತೆಗಳ ವಿವರವಿಟ್ಟು ನಗರ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಎಫ್‌ಐಆರ್ ಆಯಿತು, ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಕೆಲವರನ್ನು ಬಂಧಿಸಿದರು. ಹೆಸರಾಂತವರ ದೂರಿಗೆ ಠಾಣೆ ಬೇಗ ಓಡುತ್ತದೆ, ನಮ್ಮದಕ್ಕೆ ಓಡುವುದಿಲ್ಲ ಎನ್ನುವಿರಿ. ನಿಜ. ಆದರೆ ಓಡಿಸುವ ಸೆಕ್ಷನ್ನುಗಳು ಇಬ್ಬರಿಗೂ ಒಂದೇ.

ವಿಜಯನಗರ, ಬಸವೇಶ್ವರನಗರದ ಬಡಾವಣೆ ಗ್ರೂಪುಗಳಲ್ಲಿ ನಡೆಯುವುದು ಇಷ್ಟು ಭೀಕರವಾದದ್ದಲ್ಲ. ಸಿಸಿಟಿವಿ ತುಣುಕಿನ ಮೇಲೆ ಕೆಂಪು ವೃತ್ತ ಎಳೆದು ‘ಇವನೇ ಕಳ್ಳ, ಎಲ್ಲರಿಗೂ ಕಳಿಸಿ’. ಮನೆಗೆಲಸದವಳ ಆಧಾರ್ ಕಾರ್ಡಿನ ಫೋಟೊ ಹಾಕಿ ‘ಸರ ಕದ್ದಿದ್ದಾಳೆ, ಯಾರೂ ಕೆಲಸಕ್ಕಿಟ್ಟುಕೊಳ್ಳಬೇಡಿ’. ಸರ ಆಮೇಲೆ ಬೀರುವಿನ ಹಿಂದೆ ಸಿಕ್ಕರೆ ಪೋಸ್ಟ್ ಅಳಿಸಬಹುದು, ಅಷ್ಟರಲ್ಲಿ ಹತ್ತು ಗ್ರೂಪಿಗೆ ಹೋದದ್ದನ್ನು ಅಳಿಸುವವರಾರು? ಆಕೆಗೆ ಆ ನಾಲ್ಕು ಬೀದಿಗಳಲ್ಲಿ ಮತ್ತೆ ಕೆಲಸ ಹುಟ್ಟುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಎರಡನ್ನು ಪ್ರತಿ ಗ್ರೂಪಿನ ಅಡ್ಮಿನ್ ಓದಿರಬೇಕು. ಎಂಟನೆಯದು, ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ಮಾಡಿದ ಆರೋಪ ಮಾನನಷ್ಟವಲ್ಲ. ‘ಇಂಥವರ ಮೇಲೆ ನನಗೆ ಅನುಮಾನ’ ಎಂದು ಠಾಣೆಯಲ್ಲಿ ಬರೆದುಕೊಟ್ಟರೆ, ಅನುಮಾನ ಸುಳ್ಳಾದರೂ ನಿಮಗೆ ರಕ್ಷಣೆಯಿದೆ. ಅದೇ ವಾಕ್ಯ ವಾಟ್ಸಾಪಿಗೆ ಹೋದರೆ ಈ ರಕ್ಷಣೆ ಇಲ್ಲ. ಆಗ ಸಾಮಾನ್ಯವಾಗಿ ಮೊದಲನೆಯ ವಿನಾಯಿತಿಯ ಮೊರೆ ಹೋಗಬೇಕು: ಹೇಳಿದ್ದು ಸತ್ಯವೂ ಆಗಿರಬೇಕು, ಹೇಳಿದ್ದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ಎರಡನ್ನೂ ಸಾಬೀತು ಮಾಡುವ ಹೊಣೆ ನಿಮ್ಮದು.

ಇದನ್ನು ಬಾಯಿ ಮುಚ್ಚಿಸುವ ಅಸ್ತ್ರವೆಂದು ಓದಬಾರದು, ಮುಖ್ಯವಾಗಿ ಹೆಣ್ಣುಮಕ್ಕಳು. ಲೈಂಗಿಕ ಕಿರುಕುಳದ ಆರೋಪ ಮಾಡಿದ್ದಕ್ಕೆ ಮಾಜಿ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿ ನ್ಯಾಯಾಲಯ 2021ರ ಫೆಬ್ರುವರಿ 17ರಂದು ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು ಖುಲಾಸೆ ಮಾಡಿತು. ಮಹಿಳೆ ತನಗಾದ ಅನ್ಯಾಯವನ್ನು ದಶಕಗಳ ನಂತರವೂ, ತನಗೆ ಬೇಕಾದ ವೇದಿಕೆಯಲ್ಲಿ ಹೇಳಬಹುದು ಎಂದಿತು. ತನಗಾದದ್ದನ್ನು ತಾನೇ ಹೇಳಿಕೊಳ್ಳುವುದು ಒಂದು. ಯಾರೋ ಕಳಿಸಿದ ಫೋಟೊಗೆ ‘ಕಾಮುಕ’ ಎಂಬ ಶೀರ್ಷಿಕೆ ಕೊಟ್ಟು ಮುಂದೆ ತಳ್ಳುವುದು ಮತ್ತೊಂದು.

ಕೆಲವನ್ನಂತೂ ಸತ್ಯವಾಗಿದ್ದರೂ ಹಾಕುವಂತಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು. ಹೆಸರೇ ಬೇಕಿಲ್ಲ, ಮನೆ, ಬೀದಿ, ಗಂಡನ ಕೆಲಸ ಹೇಳಿ ಗುರುತು ಸಿಕ್ಕರೂ ಸಾಕು. ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಹದಿನೆಂಟು ತುಂಬದ ಹುಡುಗನೇ ಬೈಕ್ ಕದ್ದಿದ್ದರೂ ಅವನ ಮುಖ, ಶಾಲೆ, ವಿಳಾಸ ಹಾಕಬಾರದು ಎನ್ನುತ್ತದೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್. ಅಶ್ಲೀಲ ಸಂದೇಶ ಬಂದರೆ ಅದರ ಸ್ಕ್ರೀನ್‌ಶಾಟನ್ನು ಹಾಗೆಯೇ ಗ್ರೂಪಿಗೆ ಹಾಕುವುದೂ ಅಪಾಯ. ಅಶ್ಲೀಲವನ್ನು ಪ್ರಸಾರ ಮಾಡಿದ ಆಪಾದನೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್, ನಿಮ್ಮ ಮೇಲೇ ತಿರುಗಬಹುದು.

ಕಳ್ಳನನ್ನು ಕೈಯಾರೆ ಹಿಡಿದರೆ? ಹಿಡಿಯಬಹುದು. ನಿಮ್ಮ ಕಣ್ಣೆದುರೇ ಸಂಜ್ಞೇಯವೂ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧ ನಡೆದರೆ ನಾಗರಿಕರೂ ಬಂಧಿಸಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ತಪ್ಪೊಪ್ಪಿಗೆಯ ವಿಡಿಯೊ ಮಾಡುವುದು ಆ ಅಧಿಕಾರದಲ್ಲಿ ಸೇರಿಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿಹಾಕಿ ಹೊಡೆದು ಕೊಂದರು. ಆ ದಿನಗಳಲ್ಲಿ ಮಕ್ಕಳ ಕಳ್ಳರ ಬಗ್ಗೆ ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದದ್ದು ಬರೀ ಗಾಳಿಸುದ್ದಿ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ಗಾಳಿಸುದ್ದಿಗೆ ಒಬ್ಬ ಎಂಜಿನಿಯರ್ ಬಲಿಯಾದರು.

ವೈರಲ್ ಆದರೇ ಪೊಲೀಸರು ಏಳುವುದು ಎಂಬ ಮಾತಿಗೆ ಆಧಾರವೇ ಇಲ್ಲ ಎನ್ನಲಾರೆ. 2024ರ ಸೆಪ್ಟೆಂಬರಿನಲ್ಲಿ, ಬುಕ್ ಮಾಡಿದ ಆಟೊ ರದ್ದು ಮಾಡಿದ್ದಕ್ಕೆ ಚಾಲಕನೊಬ್ಬ ಯುವತಿಯ ಮೇಲೆ ಕೈ ಮಾಡಿದ ವಿಡಿಯೊ ಹರಿದಾಡಿ, ಮಾಗಡಿ ರಸ್ತೆ ಪೊಲೀಸರು ಅವನನ್ನು ಬಂಧಿಸಿದರು. ವಿಡಿಯೊ ಅಲ್ಲಿ ಸಾಕ್ಷ್ಯವಾಗಿ ಕೆಲಸ ಮಾಡಿತು. ಹಾಗಾದರೆ ಸಾಕ್ಷ್ಯವನ್ನೇ ಜೋಪಾನ ಮಾಡಿ. ಮೂಲ ಕಡತವನ್ನು ಕತ್ತರಿಸಬೇಡಿ, ಮೇಲೆ ಬರೆಯಬೇಡಿ, ಹಾಡು ಸೇರಿಸಬೇಡಿ, ಚಿತ್ರೀಕರಿಸಿದ ಫೋನನ್ನು ಮಾರಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ರೀಲ್ಸ್ ಮಾಡಿದ ತುಣುಕಿಗೆ ಅದನ್ನು ಕೊಡುವುದು ಕಷ್ಟ. ನಗರ ಪೊಲೀಸರ ಖಾತೆಗೆ ಟ್ಯಾಗ್ ಮಾಡುವುದಾದರೆ ಜಾಗ, ಸಮಯ, ವಾಹನ ಸಂಖ್ಯೆಯನ್ನು ನೇರ ಸಂದೇಶದಲ್ಲಿ ಕಳಿಸಿ.

ಠಾಣೆಯಲ್ಲಿ ‘ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಎಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೆನಪಿಸಿ. ಘಟನೆ ಕೆಂಗೇರಿಯಲ್ಲಿ ನಡೆದಿದ್ದರೂ ರಾಜಾಜಿನಗರದಲ್ಲಿ ಜೀರೊ ಎಫ್‌ಐಆರ್ ಮಾಡಬೇಕು. ಇ-ಮೇಲ್ ಮುಂತಾದ ವಿದ್ಯುನ್ಮಾನ ದಾರಿಯಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಮೂರು ವರ್ಷ ಮೇಲ್ಪಟ್ಟು ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ‘ನೋಡ್ತೀವಿ’ ಎಂದು ಅನಿರ್ದಿಷ್ಟವಾಗಿ ಕೂರಿಸಲು ಅವಕಾಶವಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು.

ನಿಮ್ಮದೇ ಮುಖ ಗ್ರೂಪಿನಲ್ಲಿ ಬಂದಿದ್ದರೆ ಜಗಳಕ್ಕೆ ಇಳಿಯುವ ಮೊದಲು ಪೋಸ್ಟು, ಹಾಕಿದವರ ನಂಬರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದೆ ಎಂದು ಅವರು 24 ಗಂಟೆಯೊಳಗೆ ತಿಳಿಸಬೇಕು. ಬೆತ್ತಲೆ ಅಥವಾ ಖಾಸಗಿ ಚಿತ್ರವಾದರೆ ತೆಗೆದುಹಾಕಲು ಎರಡು ಗಂಟೆ ಮೀರುವಂತಿಲ್ಲ. ಅವರ ಉತ್ತರ ಸರಿಯೆನಿಸದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಬೆದರಿಕೆ, ಲೈಂಗಿಕ ಕಿರುಕುಳ, ನಕಲಿ ಖಾತೆ ಇದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಅಥವಾ ನಿಮ್ಮ ವಿಭಾಗದ ಸೈಬರ್ ಅಪರಾಧ ಠಾಣೆಗೆ ಹೋಗಿ. ಬರೀ ಮಾನನಷ್ಟವಾದರೆ ಪೊಲೀಸರು ಎಫ್‌ಐಆರ್ ಹಾಕುವುದಿಲ್ಲ, ಹಿಂಬರಹ ಕೊಟ್ಟು ಕಳಿಸುತ್ತಾರೆ. ಅದು ಅವರ ಸೋಮಾರಿತನವಲ್ಲ, ಅದು ಅಸಂಜ್ಞೇಯ ಅಪರಾಧ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹೂಡಬೇಕು. ಅಡ್ಮಿನ್ ಮೇಲೂ ಹಾಕೋಣ ಎಂದು ಹೊರಡುವವರಿಗೆ ಒಂದು ಮಾತು: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಲ್ಲ ಎಂದು ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ.

ಸಂಜ್ಞೇಯ ಅಪರಾಧಕ್ಕೂ ಠಾಣೆ ಎಫ್‌ಐಆರ್ ಹಾಕದಿದ್ದರೆ ದೂರಿನ ಸಾರಾಂಶವನ್ನು ಡಿಸಿಪಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಆ ರಸೀದಿ ಮತ್ತು ಅಫಿಡವಿಟ್ಟಿನೊಂದಿಗೆ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹಿಂಜರಿಯುವವರು 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.